ಗಡಿಗೆಯ ಬಲಗಣ್ಣು ಮತ್ತು ತಮ್ಮ ಹೊಸ ತೋಟಾ

ವಜ್ರವೇಗ ತೋಟಾ ಕಂಪನಿಯ ಘನತೆವೆತ್ತ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕೀರ್ತಿಯು ತಮ್ಮ ಗುಂಡಿಗಿಂತಲೂ ವೇಗವಾಗಿ ದಿಕ್ಕುದಿಕ್ಕಿಗೆ ಹಬ್ಬಲೆಂದು ಹಾರೈಸುತ್ತಾ, ನಿರ್ಣಾ ಗ್ರಾಮದ ದೇವಿದಾಸನಾದ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಮನೆಯಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಒಂದು ಹಳೆಯ ರೈಫಲ್ ಇದೆ. ಅಜ್ಜ ಕೊಂಡದ್ದಾದ್ದರಿಂದ ಅದನ್ನೂ ನಾವು ಅಜ್ಜ ಎಂದೇ ಕರೆಯುತ್ತೇವೆ. ಪರವಾನಗಿ ನನ್ನ ತಾಯಿ ಅಂಬುಬಾಯಿಯವರ ಹೆಸರಿನಲ್ಲಿದೆ. ಕಬ್ಬಿಗೆ ಕಾಡುಹಂದಿ ನುಗ್ಗಿದಾಗ ಅವರು ಅಟ್ಟಣಿಗೆ ಹತ್ತಿ, ಅಜ್ಜನ ಕಟ್ಟಿಗೆಯ ಹಿಡಿಗೆ ಕೆನ್ನೆ ಒತ್ತಿ, ಎಡಗಣ್ಣು ಮುಚ್ಚಿ, ಬಾವಿಯ ಪಕ್ಕದ ಮಣ್ಣಿನ ದಿಬ್ಬಕ್ಕೆ ಒಂದು ಗುಂಡು ಹಾರಿಸುತ್ತಾರೆ. ಸದ್ದಿಗೆ ಹಂದಿಗಳು ಓಡುತ್ತವೆ. ಇದುವರೆಗೆ ಯಾವ ಹಂದಿಗೂ ಗುಂಡು ತಗುಲಿಲ್ಲ, ತಗುಲಿಸುವ ಆಸೆಯೂ ಅವರಿಗಿಲ್ಲ.

ಹೀಗಿರುವಾಗ ತಾವು ಬಂದೂಕಿನ ಹಳೆಯ ತೋಟಾಗಳನ್ನು ನಿಲ್ಲಿಸಿ, ಅದೇ ಅಳತೆಯ ಹಿತ್ತಾಳೆ ಕೊಳವೆಯಲ್ಲಿ ಒಂದೂವರೆ ಪಟ್ಟು ಒತ್ತಡ ತುಂಬಿದ ಹೊಸ ತೋಟಾವನ್ನು ಮಾರುಕಟ್ಟೆಗೆ ದಯಪಾಲಿಸಿದಿರಿ. ಮಣ್ಣಿನ ದಿಬ್ಬಕ್ಕೆ ಇಷ್ಟು ದೊಡ್ಡ ಗೌರವ ಹಿಂದೆ ಯಾರೂ ಕೊಟ್ಟಿರಲಿಲ್ಲ. ಡಬ್ಬಿಯ ಮೇಲೆ ನೆಗೆಯುವ ಚಿರತೆ, ಅದರ ಕೆಳಗೆ ‘ಹಳೆಯ ರೈಫಲ್‌ಗೂ ಸೈ’ ಎಂಬ ದಪ್ಪಕ್ಷರ. ತೋಟಾದ ಹಿಂಬದಿಯನ್ನು ಮುಚ್ಚಿ ಹಿಡಿಯುವ ಹಳೆಯ ಬೋಲ್ಟು ಆ ಒತ್ತಡವನ್ನು ತಡೆಯುತ್ತದೆಯೇ ಎಂದು ಹುಮನಾಬಾದಿನ ಅಂಗಡಿಯ ನಸೀರ್ ಅವರನ್ನು ಕೇಳಿದಾಗ ಅವರು ನಿಜವನ್ನೇ ಹೇಳಿದರು: “ಸೈಜ್ ಅದೇ ಅದರಿ, ಒಳಗ ಹೋಗ್ತದ. ಒಳಗ ಹೋದ ಮ್ಯಾಲ ಹ್ಯಾಂಗ ನಡಕೋತದ ಅಂತ ಡಬ್ಬಿ ಮ್ಯಾಲ ಬರದಿಲ್ರಿ.”

ನಮ್ಮ ಮನೆಯಲ್ಲೊಂದು ಪದ್ಧತಿಯುಂಟು. ಪಂಪಾಗಲಿ, ಟ್ರ್ಯಾಕ್ಟರಾಗಲಿ, ಹೊಸದು ಏನೇ ಬಂದರೂ ಹೊಲದ ದೃಷ್ಟಿಗಡಿಗೆಯನ್ನು, ಅಂದರೆ ಸುಣ್ಣದಲ್ಲಿ ಕಣ್ಣು ಮೂಗು ಬರೆದ ಕರಿ ಗಡಿಗೆಯನ್ನು ತಂದು, ಮನುಷ್ಯ ಕೂರುವ ಜಾಗದಲ್ಲಿ ಅದನ್ನು ಮೊದಲು ಕೂರಿಸಿ ಚಾಲೂ ಮಾಡಬೇಕು. ಕೆಟ್ಟ ಕಣ್ಣು ಗಡಿಗೆಗೆ ಹೋಗಲಿ ಎಂಬುದು ಲೆಕ್ಕ. ತೋಟಾಕ್ಕೂ ದೃಷ್ಟಿಯೇ ಎಂದು ಊರಿನವರು ನಕ್ಕರು. ತಾಯಿ ಜಗ್ಗಲಿಲ್ಲ. “ನಗೋರು ನಗಲಿ. ಮೊದಲ ಗಡಗಿ ಕೂಡ್ಲಿ, ಆಮ್ಯಾಲ ನಾ ಹಾರಸ್ತೀನಿ,” ಎಂದರು. ಅಜ್ಜನನ್ನು ಬಂಡಿಗೆ ಬಿಗಿದು, ತಾಯಿಯ ಕೆನ್ನೆ ಇರುವ ಜಾಗಕ್ಕೆ ಗಡಿಗೆಯ ಕೆನ್ನೆ ತಾಗಿಸಿ, ಬಂದೂಕಿನ ಕುದುರೆಗೆ, ಅಂದರೆ ಟ್ರಿಗರಿಗೆ ಹಗ್ಗ ಕಟ್ಟಿ, ಬಾವಿಯ ಕಟ್ಟೆಯ ಹಿಂದೆ ಕೂತು ಜಗ್ಗಿದೆವು.

ಮಾನ್ಯರೇ, ತಮ್ಮ ತೋಟಾದ ಪರಾಕ್ರಮವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಗುಂಡು ದಿಬ್ಬವನ್ನು ಹೊಕ್ಕಿತು, ಹಂದಿಗಳು ಪಕ್ಕದೂರು ಕೊಡಂಬಲದವರೆಗೆ ಓಡಿರಬೇಕು. ಮುಂದಕ್ಕೆ ಹೋಗಲಾರದ ಬಿಸಿ ಗಾಳಿ ತೋಟಾದ ಕೊಳವೆಯ ಬುಡವನ್ನು ಸೀಳಿ ಬೋಲ್ಟಿನ ಸಂದಿಯಿಂದ ಹಿಂದಕ್ಕೆ ನುಗ್ಗಿ, ಗಡಿಗೆಯ ಬಲಗಣ್ಣನ್ನು ಹುಬ್ಬಿನ ಸಮೇತ ಹಾರಿಸಿಕೊಂಡು ಹೋಯಿತು. ನಕ್ಕವರೇ ಬಂದು ಆ ತೂತಿನಲ್ಲಿ ಬೆರಳು ಹಾಕಿ ನೋಡಿದರು. ತಾಯಿ ಮಾತ್ರ ತಮ್ಮ ಬಲಗಣ್ಣನ್ನು ಸೆರಗಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಗಡಿಗೆಯ ಚೂರುಗಳನ್ನು ಆಯತೊಡಗಿದರು.

ಬಸವಕಲ್ಯಾಣದ ಬಂದೂಕು ರಿಪೇರಿಯ ಶಂಶುದ್ದೀನ್ ಅವರು ಸುತ್ತಿಗೆ ಹಾಕಿ ಬೋಲ್ಟು ಬಿಡಿಸಿ, “ಬೋಲ್ಟ್ ಹಿಡಿಯೋ ಹಲ್ಲಽ ಹಿಂದ ಸರದಾವರಿ. ಅಜ್ಜಗ ಇನ್ನ ಆರಾಮ್ ಮಾಡಾಕ ಬಿಡ್ರಿ,” ಎಂದರು. ತಮ್ಮ ಕಚೇರಿಗೆ ಫೋನ್ ಮಾಡಿದಾಗಲಂತೂ ಮಧುರ ಕಂಠದ ಸಿಬ್ಬಂದಿಯೊಬ್ಬರು, ತೋಟಾದಲ್ಲಿ ದೋಷವಿಲ್ಲ, ರೈಫಲ್‌ಗೆ ತಡೆಯುವ ಶಕ್ತಿ ಇದೆಯೇ ಎಂದು ನೋಡಿಕೊಳ್ಳುವುದು ಗ್ರಾಹಕರ ಹೊಣೆ, ಅದನ್ನು ಡಬ್ಬಿಯ ಒಳಮಡಿಕೆಯಲ್ಲಿ ಮುದ್ರಿಸಿದ್ದೇವೆ, ಗಾಯಾಳುವಿನ ಭಾವಚಿತ್ರ ಕಳಿಸದೆ ದೂರು ದಾಖಲಾಗದು ಎಂದು ತಿಳಿಸಿ ನಮ್ಮ ಜ್ಞಾನವನ್ನು ಹೆಚ್ಚಿಸಿದರು.

ಆದ್ದರಿಂದ ಕೆಲವು ಸಣ್ಣ ವಿನಂತಿಗಳು. ಹೊಸ ರೈಫಲ್ಲಿಗೆ ಪರವಾನಗಿ ಬರುವವರೆಗೆ ಕಬ್ಬಿಗೆ ಬಾಯಿ ಹಾಕಬಾರದೆಂದು ಹಂದಿಗಳಿಗೆ ತಮ್ಮ ಸಹಿಯಿರುವ ಸುತ್ತೋಲೆ ಹೊರಡಿಸಬೇಕು. ಒಳಮಡಿಕೆಯ ಎಚ್ಚರಿಕೆಯನ್ನು ಹೊರಗೆ ಹಾಕಿ, ಚಿರತೆಯನ್ನು ಒಳಗೆ ಮಡಚಬೇಕು. ಇದಾವುದೂ ಆಗದಿದ್ದರೆ ತಾವೇ ನಿರ್ಣಾಕ್ಕೆ ದಯಮಾಡಿಸಬೇಕು. ಶಾಲು, ಹಾರ, ಊಟ ಎಲ್ಲ ನಮ್ಮದು. ಬಂಡಿ ಹಾಗೆಯೇ ನಿಂತಿದೆ, ಹಗ್ಗವೂ ಇದೆ, ಗಡಿಗೆ ಕೂತಿದ್ದ ಜಾಗ ಖಾಲಿ ಇದೆ.

ಕಟ್ಟೆಯ ಹಿಂದಿನಿಂದಲೇ ತಮ್ಮನ್ನು ಗೌರವಿಸುವ,
ತಮ್ಮ ವಿಶ್ವಾಸಿ,
ದೇವಿದಾಸ, ನಿರ್ಣಾ

ತಾ.ಕ.: ತಾವು ಕೇಳಿದ ಗಾಯಾಳುವಿನ ಭಾವಚಿತ್ರವನ್ನು ಲಗತ್ತಿಸಿದ್ದೇನೆ. ಪಕ್ಕದಲ್ಲಿ ನಿಂತಿರುವವರು ನನ್ನ ತಾಯಿ. ಇಬ್ಬರಲ್ಲಿ ಯಾರ ಬಲಗಣ್ಣು ಹೋಗಿದೆ ಎಂಬುದನ್ನು ದಯವಿಟ್ಟು ಸರಿಯಾಗಿ ನೋಡಿ ದಾಖಲಿಸಿಕೊಳ್ಳಬೇಕು. ತಾವು ಡಬ್ಬಿ ಮುಚ್ಚಿ ಕಳಿಸುವಾಗ ಯಾರದು ಹೋಗಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.