ಭುಜಕ್ಕೆ ತುಂಬುವ ಹತ್ತಿ

ಬೆಳಿಗ್ಗೆ ಎಂಟಕ್ಕೆ ಹೊಸ ಆಲ್ಬಮ್ ಬಂತು. ಎಂಟೂ ಹತ್ತಕ್ಕೆ ಟೈಲರ್ ಮಾಸ್ತರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡರು. ಕೋಟಿನ ಭುಜ ಎದ್ದು ನಿಲ್ಲಲಿ ಎಂದು ಒಳಗೆ ತುಂಬುವ ಹತ್ತಿ ಅದು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಎಷ್ಟೋ ಜನರ ಜೋತುಬಿದ್ದ ಭುಜಗಳಿಗೆ ಗತ್ತು ತಂದುಕೊಟ್ಟ ಹತ್ತಿ, ಇವತ್ತು ಮಾಸ್ತರ ಮಾತು ಉಳಿಸುವ ಕೆಲಸಕ್ಕೆ ಬಿತ್ತು.

ಆ ಗಾಯಕನಿಗೆ ಬೀದಿಯವರು ಇಟ್ಟ ಹೆಸರು ‘ನಿಟ್ಟುಸಿರು’. ಒಂದು ತಂತಿವಾದ್ಯ, ಒಂದು ದೀರ್ಘ ಉಸಿರು, ಆಮೇಲೆ ಒಂದು ಸಾಲು. ಅವನ ಮೂರು ಆಲ್ಬಮ್ಮೂ ಹೀಗೆಯೇ. ಮಾಸ್ತರ ಮದುವೆಯಾದ ಹೊಸದರಲ್ಲಿ ಮನೆಯಲ್ಲಿದ್ದದ್ದು ಒಂದೇ ಇಯರ್‌ಫೋನ್. ಎಡಗಿವಿಯದು ಅವರಿಗೆ, ಬಲಗಿವಿಯದು ಹೆಂಡತಿಗೆ. ವೈರು ಗಿಡ್ಡ, ಆದ್ದರಿಂದ ತಲೆಗೆ ತಲೆ ತಾಗಿಸಿಕೊಂಡೇ ಕೂರಬೇಕು. ಆಮೇಲೆ ಉದ್ದ ವೈರಿನದು ಕೊಳ್ಳುವ ಯೋಗ್ಯತೆ ಬಂದರೂ ಇಬ್ಬರಲ್ಲಿ ಯಾರೂ ಆ ಮಾತೆತ್ತಲಿಲ್ಲ. ಹೊಸ ಆಲ್ಬಮ್ ಬಂದರೆ ಮೊದಲ ಸಲ ಒಟ್ಟಿಗೇ ಕೇಳಬೇಕು, ಮುಂಚೆ ಒಬ್ಬರು ಕೇಳಿದರೆ ಮೋಸ ಎಂದು ಒಪ್ಪಂದವಾಗಿತ್ತು.

ನಾಲ್ಕನೆಯದು ಬರಲು ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಹೆಂಡತಿ ದೂರದ ಊರಿನಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಮನೆಯ ಹಾಸಿಗೆಯ ಬಲಗಡೆ ಹದಿನಾಲ್ಕು ತಿಂಗಳಿಂದ ಸುಕ್ಕೇ ಬಿದ್ದಿರಲಿಲ್ಲ. ಮಾಸ್ತರು ಇಸ್ತ್ರಿಪೆಟ್ಟಿಗೆ ಹಿಡಿದು ಸುಕ್ಕಿನ ಮೇಲೆ ಯುದ್ಧ ಮಾಡುತ್ತ ಬದುಕಿದವರು. ಆದರೂ ನೀಟಾಗಿ ಬಿದ್ದುಕೊಂಡ ಆ ಅರ್ಧ ಹಾಸಿಗೆಗೆ ಅವರು ಬೆನ್ನು ಹಾಕಿಯೇ ಮಲಗುತ್ತಿದ್ದರು.

ಇವತ್ತು ಸಂಜೆ ಆರರ ಬಸ್ಸಿಗೆ ಅವಳು ಬರುವವಳಿದ್ದಳು, ಮೂರು ದಿನದ ರಜೆಯ ಮೇಲೆ.

“ರೀ, ನಾನು ಬರೋಕೆ ಮುಂಚೆ ಏನಾದ್ರೂ ಕೇಳಿಬಿಟ್ಟಿದ್ರೆ, ಅದೇ ಬಸ್ಸಲ್ಲಿ ವಾಪಸ್ ಹೋಗ್ತೀನಿ,” ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದಳು.

“ನೀನು ಕೇಳಿಬಿಟ್ರೆ?”

“ನಂಗೆ ನಿಮ್ಮಷ್ಟು ಕಿವಿ ಚಪಲ ಇಲ್ಲ.”

ಹತ್ತು ಗಂಟೆ ಹೊತ್ತು ತಡೆದುಕೊಂಡರೆ ಮುಗಿಯಿತು ಎಂದು ಮಾಸ್ತರು ಲೆಕ್ಕ ಹಾಕಿದ್ದರು. ಆದರೆ ಎದುರಿನ ಕಟಿಂಗ್ ಶಾಪಿನವನು ಹೋದ ವಾರವಷ್ಟೇ ಹೊಸ ಸ್ಪೀಕರ್ ತಂದಿದ್ದ. ಅದರ ಮೇಲೆ, ಇಡೀ ಬೀದಿಗೆ ನಿಟ್ಟುಸಿರಿನ ಹುಚ್ಚು ಹಿಡಿಸಿದವರು ಸ್ವತಃ ಮಾಸ್ತರೇ. ಹದಿನೈದು ವರ್ಷ ಅಂಗಡಿಯಲ್ಲಿ ಅದನ್ನೇ ಹಾಕಿ, ಅಳತೆ ಕೊಡಲು ಕೈ ಎತ್ತಿ ನಿಂತವರಿಗೆಲ್ಲ ಎಲ್ಲಿ ಉಸಿರು, ಎಲ್ಲಿ ಮೀಟು ಎಂದು ಪಾಠ ಮಾಡಿದ್ದರು. ಹಾಗಾಗಿ ಗಾಯಕ ದಾರಿ ಬದಲಾಯಿಸಿದ್ದಾನೆ ಎಂದು ಗೊತ್ತಾದಾಗ ಬೀದಿಯವರು ಇನ್ನೆಲ್ಲಿಗೆ ಹೋಗಬೇಕು?

ಮೊದಲು ಬಂದವನು ಕಟಿಂಗ್ ಶಾಪಿನವನೇ. ಕೈಯಲ್ಲಿ ಕತ್ತರಿ. ಹಿಂದೆ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಒಬ್ಬ ಗಿರಾಕಿ, ಅರ್ಧ ಮೀಸೆಯೊಂದಿಗೆ. ಏನೋ ಅವಘಡವಾಗಿದೆ ಎಂದುಕೊಂಡು ಮಾಸ್ತರು ಒಂದು ಕಿವಿಯ ಹತ್ತಿ ತೆಗೆದರು.

“ಮಾಸ್ತ್ರೇ, ನಿಟ್ಟುಸಿರು ಬದಲಾಗಿಬಿಟ್ಟ. ಬರೀ ಡ್ರಮ್ಮು. ಉಸಿರೆಳೆಯೋಕೂ ಪುರುಸೊತ್ತಿಲ್ಲ ಪುಣ್ಯಾತ್ಮನಿಗೆ. ನನ್ನ ಕತ್ತರಿ ನೋಡಿ, ತಾನಾಗೇ ಕುಣೀತಿದೆ.”

“ಕುಣಿದಿದ್ದಕ್ಕೇ ನನ್ನ ಮೀಸೆ ಹೋಯ್ತು,” ಎಂದ ಗಿರಾಕಿ.

“ಹೇಳ್ಬೇಡಿ. ಒಂದಕ್ಷರ ಹೇಳ್ಬೇಡಿ. ಸಂಜೆ ನನ್ನವಳು ಬರ್ತಾಳೆ, ಇಬ್ರೂ ಕೂತು ಕೇಳಬೇಕು,” ಎಂದು ಮಾಸ್ತರು ಹತ್ತಿಯನ್ನು ಮತ್ತೆ ಒಳಗೆ ತುರುಕಿದರು.

ಆಮೇಲೆ ಮೆಡಿಕಲ್ ಶಾಪಿನವರು ಬಂದರು, ಮುಖ ಬಾಡಿಸಿಕೊಂಡು. ಇವರ ಗಂಟಲು ಎಂಥದೆಂದರೆ ಹತ್ತಿಯ ಆಚೆಯಿಂದಲೂ ಸ್ಪಷ್ಟವಾಗಿ ಕೇಳುತ್ತಿತ್ತು. “ಊರಿಗೆಲ್ಲ ನಿದ್ದೆ ಮಾತ್ರೆ ಕೊಡೋನು ನಾನು. ನಂಗೆ ನಿದ್ದೆ ಬರ್ತಾ ಇದ್ದಿದ್ದು ಅವನ ಹಾಡಿಂದ. ಈಗ ಅವನೇ ಎಬ್ಬಿಸಿ ಕೂರಿಸ್ತಾನಲ್ಲ, ನಾನು ಯಾರ ಹತ್ರ ಹೋಗ್ಲಿ? ನೀವು ಅವನಿಗೊಂದು ಕಾಗದ ಬರೀರಿ ಮಾಸ್ತ್ರೇ. ನಿಮ್ಮ ಮಾತು ಕೇಳ್ತಾನೆ.” ಗಾಯಕನಿಗೆ ಮಾಸ್ತರು ಯಾರೆಂದೇ ಗೊತ್ತಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ. ಮಾಸ್ತರು ಅವರ ಭುಜ ಹಿಡಿದು ತಿರುಗಿಸಿ ಮೆಲ್ಲಗೆ ಹೊರಗೆ ಬಿಟ್ಟು, ಆ ಗಂಟಲೂ ಕೇಳದ ಹಾಗೆ ಕಿವಿಗೆ ಇನ್ನಷ್ಟು ಹತ್ತಿ ತುಂಬಿ, ಷಟರನ್ನು ಅರ್ಧಕ್ಕೆ ಇಳಿಸಿದರು.

ಅರ್ಧ ಇಳಿಸಿದ ಷಟರಿನ ಅಡಿಯಿಂದ ಒಂದು ಚೀಟಿ ತೂರಿ ಬಂತು. ಮಹಡಿಯ ಮೇಲಿನ ರಿಟೈರ್ಡ್ ಟೀಚರಮ್ಮನದು. ಕೆಂಪು ಇಂಕಿನಲ್ಲಿ, ಹಾಡು ಒಂದಕ್ಕೆ ಹತ್ತಕ್ಕೆ ಮೂರು, ಹಾಡು ಎರಡಕ್ಕೆ ಎರಡು, ಕೊನೆಗೆ ‘ಬುದ್ಧಿವಂತ, ಆದರೆ ಸಹವಾಸ ಕೆಟ್ಟಿದೆ’ ಎಂದು ಷರಾ. ಓದಬಾರದು ಎಂದುಕೊಳ್ಳುವಷ್ಟರಲ್ಲಿ ಮಾಸ್ತರು ಓದಿಬಿಟ್ಟಿದ್ದರು. ಇನ್ನು ಯಾವ ಚೀಟಿ ಬಂದರೂ ನೋಡದೆ ಚಿಂದಿ ಬುಟ್ಟಿಗೆ ಎಂದು ಶಪಥ ಮಾಡಿದರು.

ಇಷ್ಟರಲ್ಲಿ ಜೇಬಿನಲ್ಲಿ ಫೋನು ಜೇನುಗೂಡಿನಂತೆ ಗುಯ್‌ಗುಡತೊಡಗಿತು. ಪರಿಚಯದವರೆಲ್ಲ ಹಾಡಿನ ತುಣುಕು ಕಳಿಸುತ್ತಿದ್ದರು. ಭಾವಮೈದನಂತೂ ‘ಭಾವ, ಇದೇನು ಅನ್ಯಾಯ’ ಎಂದು ಬರೆದಿದ್ದ. ಹೇಗೂ ಅವಳು ಬಸ್ಸಿನಲ್ಲಿರುತ್ತಾಳೆ ಎಂದುಕೊಂಡು ಮಾಸ್ತರು ಫೋನನ್ನು ಸ್ವಿಚಾಫ್ ಮಾಡಿ ಗುಂಡಿಯ ಡಬ್ಬಕ್ಕೆ ಹಾಕಿದರು. ಆಗ ಹನ್ನೊಂದು ಗಂಟೆ.

ಮೇಜಿನ ಮೇಲೆ ಅವಳ ಕೋಟಿತ್ತು. ಅಲ್ಲಿ ಸಂಜೆ ಹೊತ್ತು ತುಂಬ ಚಳಿ ಎಂದಿದ್ದಳು. ಒಳಗಡೆ ಫೋನಿಗೊಂದು ಆಳದ ಜೇಬು, ಇಯರ್‌ಫೋನಿನ ವೈರು ಹಾದು ಬರಲು ಕಾಲರಿನ ಕೆಳಗೊಂದು ಸಣ್ಣ ಕಾಜ. ಇಂಥ ಕಾಜವನ್ನು ಯಾವ ಗಿರಾಕಿಗೂ ಅವರು ಹಾಕಿರಲಿಲ್ಲ. ಬಲತೋಳು ಕೂರಿಸುವುದೊಂದು ಬಾಕಿಯಿತ್ತು.

ಪೆಡಲ್ ತುಳಿಯಲು ಶುರುಮಾಡಿ ಅರ್ಧ ಗಂಟೆಯಾಗಿರಬಹುದು, ಕಟಿಂಗ್ ಶಾಪಿನವನು ಷಟರಿನಡಿ ಬಗ್ಗಿ ಮತ್ತೆ ನುಗ್ಗಿದ. ಬಾಯಿ ಪಟಪಟ ಆಡುತ್ತಿತ್ತು. ಕೈಯನ್ನು ಕಿವಿಗೆ ಒತ್ತಿ ಹಿಡಿದು, ಮತ್ತೆ ಮತ್ತೆ ಅದನ್ನೇ ಮಾಡಿ ತೋರಿಸಿದ. ಕೇಳು, ಕೇಳು ಎನ್ನುತ್ತಿದ್ದಾನೆ ಎಂದು ಮಾಸ್ತರಿಗೆ ಅರ್ಥವಾಯಿತು. “ನಾಚಿಕೆ ಇಲ್ವೇನಯ್ಯಾ ನಿಂಗೆ,” ಎಂದು ಅವನನ್ನು ಹೊರಗಟ್ಟಿದರು. ಬಾಗಿಲಲ್ಲಿ ಮೆಡಿಕಲ್ ಶಾಪಿನವರು ನಿಂತು, ರಸ್ತೆಯ ತುದಿಗೆ ಕೈಮಾಡಿ ತೋರಿಸುತ್ತಿದ್ದರು. ಗಾಯಕನನ್ನು ಊರು ಬಿಟ್ಟು ಓಡಿಸಬೇಕು ಎಂಬಲ್ಲಿಗೆ ಇವರು ಬಂದು ಮುಟ್ಟಿದ್ದಾರೆ ಎಂದುಕೊಂಡು ಮಾಸ್ತರು ಷಟರನ್ನು ಪೂರ್ತಿ ಎಳೆದು ಚಿಲಕ ಹಾಕಿದರು. ಐದು ನಿಮಿಷದಲ್ಲಿ ಅಡಿಯಿಂದ ಇನ್ನೊಂದು ಚೀಟಿ ಬಂತು, ಅದೇ ಕೆಂಪು ಇಂಕು. ಶಪಥದಂತೆ ಅದು ಚಿಂದಿ ಬುಟ್ಟಿಗೆ ಹೋಯಿತು.

ಒಂದು ಗಂಟೆಗೆ ಹಿಂದಿನ ಬಾಗಿಲಲ್ಲಿ ಅಕ್ಕ ಕಂಡಳು, ಊಟದ ಡಬ್ಬಿ ಹಿಡಿದು. ಅಕ್ಕ ಜನ್ಮದಲ್ಲಿ ಹಾಡು ಕೇಳಿದವಳಲ್ಲ, ಆದರೆ ಇವತ್ತು ಅವಳ ಕಣ್ಣು ಒದ್ದೆಯಾಗಿತ್ತು. ಏನೇನೋ ಹೇಳುತ್ತ ತಮ್ಮನ ಕಿವಿಗೇ ಕೈ ಹಾಕಲು ಬಂದಳು.

“ದಮ್ಮಯ್ಯ ಅಕ್ಕ, ನೀನೂ ಶುರು ಮಾಡ್ಬೇಡ. ಏನಿದ್ರೂ ಸಂಜೆ ಹೇಳು,” ಎಂದು ಮಾಸ್ತರು ಡಬ್ಬಿ ಇಸಿದುಕೊಂಡು ಆ ಬಾಗಿಲಿಗೂ ಅಗುಳಿ ಹಾಕಿದರು. ಅಕ್ಕನನ್ನೂ ಅಳಿಸಿದೆ ಎಂದರೆ ಆಲ್ಬಮ್ಮಿನಲ್ಲಿ ಏನೋ ಇರಲೇಬೇಕು. ಕೇಳಬೇಕೆಂಬ ಆಸೆ ಗಂಟಲವರೆಗೆ ಬಂತು. ಹೆಂಡತಿಯ ಬಲಗಡೆಯ ಕೆನ್ನೆ, ಸದಾ ತಣ್ಣಗಿರುವ ಅವಳ ಕಿವಿಯ ತುದಿ ನೆನಪಾಗಿ, ಊಟವನ್ನು ಬದಿಗಿಟ್ಟು ಮತ್ತೆ ಮಿಷನ್ನಿಗೆ ಕೂತರು.

ಎರಡೂವರೆಯ ಮೇಲೆ ಷಟರು ಅಲುಗಿತು. ಚಿಲಕ ಹಾಕಿದಾಗಿನಿಂದ ಅದು ಗಡಗಡ ನಡುಗುತ್ತಿದ್ದದ್ದನ್ನು ನೋಡಿ ಅಭ್ಯಾಸವಾಗಿತ್ತು. ಈ ಸಲ ಹಾಗಲ್ಲ, ನಿಧಾನವಾಗಿ ಮೂರು ಸಲ ಅಲುಗಿ ನಿಂತಿತು. ಸ್ವಲ್ಪ ತಡೆದು ಇನ್ನೊಮ್ಮೆ ಮೂರು. ಮೆಡಿಕಲ್ ಶಾಪಿನವರು ಈಗ ಮರ್ಯಾದೆ ಕಲಿತಿದ್ದಾರೆ ಎಂದುಕೊಂಡರು ಮಾಸ್ತರು. ಆದರೆ ತಾಳ್ಮೆ ಮುಗಿದಿತ್ತು.

“ಹೋಗ್ರಿ ಅತ್ಲಾಗೆ. ನಿಮ್ಮ ಸಹವಾಸವೇ ಬೇಡ ನಂಗೆ,” ಎಂದು ಒಳಗಿನಿಂದಲೇ ಕೂಗಿ, ಸಿಟ್ಟಿನಲ್ಲಿ ಪೆಡಲನ್ನು ಒಂದೇ ಸಮ ತುಳಿದರು. ನಿಲ್ಲಿಸಿ ನೋಡಿದರೆ ಬಲತೋಳಿನ ಬಾಯಿ ಮುಚ್ಚಿ ಹೊಲಿಗೆ ಬಿದ್ದಿತ್ತು.

ಆಮೇಲೆ ಯಾರೂ ಬರಲಿಲ್ಲ. ಷಟರು ಅಲುಗಲಿಲ್ಲ, ಚೀಟಿ ಬರಲಿಲ್ಲ. ಗೆದ್ದೆ ಎನಿಸಿತು ಮಾಸ್ತರಿಗೆ. ತೋಳಿನ ಹೊಲಿಗೆ ಬಿಚ್ಚಿ ಸರಿಮಾಡಿದರು, ಕೋಟಿಗೆ ಇಸ್ತ್ರಿ ಹಾಕಿದರು, ನೆಲ ಗುಡಿಸಿದರು. ಎರಡು ಕುರ್ಚಿಗಳನ್ನು ಜೋಡಿಸಿ ಒಂದರ ಮೇಲೆ ಇಯರ್‌ಫೋನ್ ಇಟ್ಟರು. ಐದೂವರೆಗೆ ತಲೆ ಬಾಚಿ ಷಟರ್ ಎತ್ತಿ ಹೊರಬಿದ್ದರು. ಕಿವಿಯ ಹತ್ತಿ ಕಿವಿಯಲ್ಲೇ ಇತ್ತು. ಆಚೆ ಬದಿಯಲ್ಲಿ ನಿಂತಿದ್ದ ಕಟಿಂಗ್ ಶಾಪಿನವನು ಇವರನ್ನು ನೋಡಿದ್ದೇ ತಲೆ ತಗ್ಗಿಸಿದ. ತಪ್ಪು ಅರಿವಾಗಿದೆ, ಒಳ್ಳೆಯದೇ ಎಂದುಕೊಂಡು ಮಾಸ್ತರು ಬಸ್ ಸ್ಟ್ಯಾಂಡಿಗೆ ನಡೆದರು.

ಆರರ ಬಸ್ಸು ಬಂತು. ಹದಿನೇಳು ಜನ ಇಳಿದರು. ಮಾಸ್ತರು ಬಸ್ಸು ಹತ್ತಿ ಹಿಂದಿನ ಸೀಟಿನವರೆಗೂ ಹೋಗಿ, ಸೀಟಿನ ಕೆಳಗೂ ಬಗ್ಗಿ ನೋಡಿ ಬಂದರು. ಬಸ್ಸು ತಿರುಗಿಕೊಂಡು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

ಅಂಗಡಿಗೆ ಮರಳಿದಾಗ ಎಲ್ಲರೂ ಒಳಗಿದ್ದರು. ಅಕ್ಕ, ಕಟಿಂಗ್ ಶಾಪಿನವನು, ಮೆಡಿಕಲ್ ಶಾಪಿನವರು, ಮೆಟ್ಟಿಲಿಳಿದು ಬಂದ ಟೀಚರಮ್ಮ. ಆ ಎರಡು ಕುರ್ಚಿಗಳಲ್ಲಿ ಮಾತ್ರ ಯಾರೂ ಕೂತಿರಲಿಲ್ಲ. ಟೀಚರಮ್ಮ ಚಿಂದಿ ಬುಟ್ಟಿ ಕೆದಕಿ ಚೀಟಿ ತೆಗೆದು ಮಾಸ್ತರ ಕೈಗಿಟ್ಟರು. ‘ನಿಮ್ಮ ಮನೆಯವರಿಗೆ ರಜೆ ಸಿಕ್ಕಿಲ್ಲ. ಅವರ ಬಸ್ಸು ಎರಡೂವರೆಗೆ ಇಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ. ತಕ್ಷಣ ಹೋಗಿ.’

ಮಾಸ್ತರು ಎರಡೂ ಕಿವಿಯ ಹತ್ತಿ ತೆಗೆದರು.

“ಆ ಅಜ್ಜೀನ ಬಸ್ಸಲ್ಲಿ ಮಲಗಿಸ್ಕೊಂಡು ಇದೇ ದಾರೀಲಿ ಮಗನ ಮನೆಗೆ ಕರ್ಕೊಂಡು ಹೋಗಿ, ಅವಳೂ ಅಲ್ಲೇ ಇರಬೇಕಂತೆ,” ಎಂದಳು ಅಕ್ಕ. “ನಿನ್ನ ಫೋನ್ ಸ್ವಿಚಾಫು. ದಾರೀಲಿ ಬಸ್ಸು ನಿಂತಾಗ ಕಟಿಂಗ್ ಶಾಪಿಗೆ ಮಾಡಿ ಹೇಳಿದ್ಲು. ನಾವು ಎಷ್ಟು ಬಡ್ಕೊಂಡ್ವೋ. ನೀನು ಬರ್ಲಿಲ್ಲ ಅಂತ ಕೊನೆಗೆ ಬಸ್ಸಿಳಿದು ಅವಳೇ ಓಡಿ ಬಂದ್ಲು ಕಣೋ.”

“ಷಟರ್ ತಟ್ಟಿದ್ರು,” ಎಂದ ಕಟಿಂಗ್ ಶಾಪಿನವನು. “ನಿಧಾನಕ್ಕೆ, ಮೂರು ಸಲ.”

ಮಾಸ್ತರು ಕುರ್ಚಿಯ ಬೆನ್ನು ಹಿಡಿದುಕೊಂಡರು. ತಾನು ಒಳಗಿನಿಂದ ಕೂಗಿದ ಮಾತು ನೆನಪಾಗಿ ಭೂಮಿ ಬಾಯಿಬಿಡಬಾರದೇ ಎನಿಸಿತು.

“ನೀವು ಬೈದಿದ್ದು ಅವರಿಗೆ ಕೇಳಿಸ್ಲಿಲ್ಲ, ಸಮಾಧಾನ ಮಾಡ್ಕೊಳಿ,” ಎಂದರು ಮೆಡಿಕಲ್ ಶಾಪಿನವರು, ಮೊದಲ ಬಾರಿಗೆ ಸಣ್ಣ ಗಂಟಲಿನಲ್ಲಿ. “ನಾವು ಕೂಗಿದ್ದೂ ಕೇಳಿಸ್ಲಿಲ್ಲ. ಎರಡೂ ಕಿವೀಲಿ ಹತ್ತಿ ಇಟ್ಕೊಂಡಿದ್ರು. ಬಸ್ಸಲ್ಲಿ ಡ್ರೈವರು ಬೆಳಿಗ್ಗೆಯಿಂದ ಅದೇ ಆಲ್ಬಮ್ ಹಾಕಿದಾನಂತೆ. ‘ನಾನು ಒಂದು ಸಾಲೂ ಕೇಳಿಲ್ಲ ಅಂತ ಅವರಿಗೆ ಹೇಳಿ’ ಅಂದು, ಬಸ್ಸಿನವರು ಹಾರ್ನ್ ಹೊಡೆದ್ರು ಅಂತ ನಾವು ಸನ್ನೆ ಮಾಡಿದ ಮೇಲೆ ಓಡಿದ್ರು.”

ಎಲ್ಲರೂ ಒಬ್ಬೊಬ್ಬರಾಗಿ ಹೊರಗೆ ಹೋದರು. ಮಾಸ್ತರು ಗುಂಡಿಯ ಡಬ್ಬದಿಂದ ಫೋನು ತೆಗೆದರು. ಮೊದಲ ರಿಂಗಿಗೇ ಅವಳು ಎತ್ತಿದಳು. ಬಸ್ಸು ಎಲ್ಲೋ ಚಹಾಕ್ಕೆ ನಿಂತಿತ್ತು.

“ಕೇಳಿದ್ರಾ?”

“ಇಲ್ಲ.”

“ನಾನೂ ಇಲ್ಲ,” ಎಂದಳು ಅವಳು. “ನಾನು ತಟ್ಟಿದೆ ರೀ. ಆಮೇಲೆ ಷಟರ್ ಮೇಲೆ ಕೈಯಿಟ್ಟು ನಿಂತಿದ್ದೆ. ಒಳಗೆ ಮಿಷನ್ ಓಡೋದು ಅಂಗೈಗೆ ಗೊತ್ತಾಗ್ತಿತ್ತು. ನಿಮ್ಮ ಕಾಲೇ ಅದು ಅಂತ ಗೊತ್ತಾಯ್ತು. ಅಷ್ಟೇ ಸಾಕು ಅಂದ್ಕೊಂಡು ಹೋದೆ.”

“ನಿನ್ನ ಕೋಟು ಹೊಲೀತಿದ್ದೆ,” ಎಂದರು ಮಾಸ್ತರು.

“ಮುಂದಿನ ರಜಕ್ಕೆ ಹಾಕ್ಕೋತೀನಿ. ನಾಲ್ಕು ತಿಂಗಳು ಆಗತ್ತಂತೆ. ಅಲ್ಲೀವರೆಗೂ ಕೇಳದೆ ಇರ್ತೀರಾ?”

“ಇರ್ತೀನಿ.”

“ಹತ್ತಿ ಇದೆಯಾ?”

“ಟೈಲರ್ ಹತ್ರ ಹತ್ತಿಗೇನು ಬರ,” ಎಂದರು ಮಾಸ್ತರು. ಬಸ್ಸು ಹೊರಟಿತು, ಫೋನು ಕಟ್ಟಾಯಿತು. ಡ್ರೈವರು ಮತ್ತೆ ಹಾಡು ಹಾಕಿರುತ್ತಾನೆ, ಅವಳು ಮತ್ತೆ ಕಿವಿ ಮುಚ್ಚಿಕೊಂಡಿರುತ್ತಾಳೆ ಎಂದು ನೆನೆದು ಅವರೂ ತಮ್ಮ ಹತ್ತಿಯನ್ನು ಒಳಗೆ ಗಟ್ಟಿಯಾಗಿ ಒತ್ತಿದರು.

ಎದುರುಗಡೆ ಕಟಿಂಗ್ ಶಾಪಿನವನು ಕತ್ತರಿ ಕೆಳಗಿಟ್ಟು ಸ್ಪೀಕರಿನ ಹತ್ತಿರ ಹೋದ. ಹೊಸ ಆಲ್ಬಮ್ ನಿಲ್ಲಿಸಿ, ಮಾಸ್ತರಿಗೆಂದೇ ಹುಡುಕಿ ಹಳೆಯ ಮೊದಲನೆಯದನ್ನು ಹಾಕಿದ. ಆ ತಂತಿ, ಆ ಉಸಿರು ಬೀದಿಯಲ್ಲೆಲ್ಲ ತುಂಬಿಕೊಂಡಿತು. ಮೆಡಿಕಲ್ ಶಾಪಿನವರು ಕೌಂಟರಿಗೆ ಒರಗಿ ಕಣ್ಣು ಮುಚ್ಚಿದರು. ಟೀಚರಮ್ಮ ಅರ್ಧ ಮೆಟ್ಟಿಲಿನಲ್ಲೇ ಕೂತರು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಾಸ್ತರು ಈಗ ಹೊರಗೆ ಬರುತ್ತಾರೆ ಎಂದು ಎಲ್ಲರೂ ಅವರ ಬಾಗಿಲನ್ನೇ ನೋಡುತ್ತಿದ್ದರು.

ಮಾಸ್ತರು ಬಾಗಿಲಿಗೆ ಬಂದು ಆ ಒದ್ದೆ ಕಣ್ಣುಗಳನ್ನೆಲ್ಲ ನೋಡಿದರು. ಇಷ್ಟು ಚೆನ್ನಾಗಿದೆಯೇ ಹೊಸ ಆಲ್ಬಮ್ ಎಂದು ಅವರ ಜೀವ ಹಾತೊರೆಯಿತು. ಇನ್ನು ನಾಲ್ಕು ತಿಂಗಳು ಎಂದುಕೊಂಡು ಷಟರ್ ಎಳೆದರು.