ಫೇಲಾದವರ ಪುಸ್ತಕವೇ ಬೇಕು ಎಂದವಳು

ನಮ್ಮ ನಾದಿನಿ ನರ್ಸ್ ಪರೀಕ್ಷೆಯಲ್ಲಿ ಫೇಲಾದದ್ದು ಉತ್ತರ ಗೊತ್ತಿದ್ದುದರಿಂದ. ನೀವು ನಗಬಹುದು. ಕಾರಣ ತಿಳಿದ ಮೇಲೆ ನನಗೂ ನಗು ಬರಬೇಕಿತ್ತು. ಆದರೆ ಅದು ತಿಳಿಯುವ ಹೊತ್ತಿಗೆ ಅವಳ ಹಿಂದೆ ತಿರುಗಿ ನನ್ನ ಚಪ್ಪಲಿಯ ಹಿಮ್ಮಡಿ ಸವೆದುಹೋಗಿತ್ತು. ಅಂಥ ಹೊತ್ತಿನಲ್ಲಿ ಯಾರಿಗೆ ನಗು ಬರುತ್ತದೆ?

ನಾನು ಕಲಿತದ್ದು ಮೂರನೆಯ ಇಯತ್ತೆ. ಮಾಸ್ತರರು ಬಾರದ ದಿನಗಳನ್ನು ಕಳೆದರೆ ಅದೂ ಅಷ್ಟಿಲ್ಲ. ಹಾಗಾಗಿ ಪರೀಕ್ಷೆಯ ವಿಷಯದಲ್ಲಿ ನಾನು ಬಾಯಿ ಹಾಕುವವಳಲ್ಲ. ಆದರೆ ಮನೆಯಲ್ಲಿ ಒಬ್ಬರು ಫೇಲಾದರೆ ಉಳಿದವರೆಲ್ಲ ಓದಬೇಕಾಗುತ್ತದೆ ಎಂಬುದು ಆಗ ತಿಳಿಯಿತು.

ಎಂಬತ್ತರ ದಶಕದ ಮಾತು. ನಮ್ಮದು ಬೇಡಕಿಹಾಳ. ನಾದಿನಿ ಎಂದರೆ ನಮ್ಮ ಯಜಮಾನರ ಕೊನೆಯ ತಂಗಿ. ಬೆಳಗಾವಿಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸ್ ಕೋರ್ಸು ಮುಗಿಸಿದ್ದಳು. ಕೊನೆಯ ಪರೀಕ್ಷೆ ಪಾಸಾದರೆ ಸರಕಾರದ ಪರವಾನಗಿ, ಪರವಾನಗಿ ಇದ್ದರೆ ನೌಕರಿ. ಪಾಸಾಗಲಿಲ್ಲ. ಯಜಮಾನರು ಬೈಯಲಿಲ್ಲ. ಇನ್ನೊಂದು ಸಲ ಕೂಡು, ಆಗಲೂ ಆಗದಿದ್ದರೆ ಶಿರಗುಪ್ಪಿಯ ಸಂಬಂಧಕ್ಕೆ ಹೂಂ ಅನ್ನು ಎಂದರು, ಅಷ್ಟೆ.

ಶಿರಗುಪ್ಪಿಯ ಹುಡುಗನಲ್ಲಿ ದೋಷವೇನೂ ಇರಲಿಲ್ಲ. ಕಬ್ಬಿನ ಹೊಲವಿತ್ತು, ಬಾವಿಯಿತ್ತು, ತಲೆ ತುಂಬ ಕೂದಲಿತ್ತು. ಅವನ ತಾಯಿ ಮಾತ್ರ ಹೆಣ್ಣು ನೋಡಲು ಬಂದಾಗಲೇ ಮಾತು ಸ್ಪಷ್ಟ ಮಾಡಿ ಹೋಗಿದ್ದಳು.

“ನಮ್ಮ ಮನ್ಯಾಗ ಯಾರಿಗೂ ಜಡ್ಡ ಇಲ್ರಿ. ನರಸಬಾಯಿ ತಗೊಂಡು ನಾವೇನ ಮಾಡೂಣು? ಬರೂ ಮುಂದ ಅದನ್ನೆಲ್ಲಾ ಇಲ್ಲೇ ಬಿಟ್ಟ ಬರಲಿ.”

ನಾದಿನಿ ಅಳಲಿಲ್ಲ, ಊಟ ಬಿಡಲಿಲ್ಲ. ಪುಸ್ತಕವನ್ನು ಬೈದಳು. ತಾನು ಓದಿದ ಪುಸ್ತಕವೇ ಖೊಟ್ಟಿ, ಈ ಸಲ ನೋಡಿ ಆರಿಸಬೇಕು ಎಂದಳು. ಈ ‘ನೋಡಿ ಆರಿಸುವುದು’ ಏನೆಂದು ಗೊತ್ತಿದ್ದ ಯಜಮಾನರು ಆ ಕ್ಷಣವೇ ಹೊಲಕ್ಕೆ ಹೊರಟುಬಿಟ್ಟರು. ಬದನೆಕಾಯಿ ಕೊಳ್ಳುವಾಗಲೂ ಅದು ಯಾರ ಹೊಲದ್ದು, ಹೊಲದವನ ಸ್ವಭಾವ ಎಂಥದು ಎಂದು ಕೇಳುವ ಹುಡುಗಿ ಅವಳು! ಅವಳ ಜೊತೆಗೆ ಹೋಗಲು ಮನೆಯಲ್ಲಿ ಉಳಿದವಳು ನಾನೊಬ್ಬಳೇ.

ಸಂತೆಯ ದಿನ ನಿಪ್ಪಾಣಿಗೆ ಹೋದೆವು. ಹಳೆಯ ಪುಸ್ತಕ ಮಾರುವ ಅಂಗಡಿಯವನು ಪಾಪ, ನರ್ಸಿನ ದಪ್ಪ ಪುಸ್ತಕವೊಂದನ್ನು ಧೂಳು ಜಾಡಿಸಿ ಕೈಗಿಟ್ಟ. ಅವಳು ಅದನ್ನು ತೆರೆಯಲೇ ಇಲ್ಲ. ಮೊದಲು ಓದಿದವಳು ಯಾರು ಎಂದು ಕೇಳಿದಳು. ಅವನು ಹುರುಪಿನಿಂದ, ಭಾಳ ಶಾಣ್ಯಾ ಹುಡುಗಿ, ಒಂದೇ ಸಲಕ್ಕೆ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು ಎಂದ. ಇವಳು ಪುಸ್ತಕವನ್ನು ತಿರುಗಿ ಕೊಟ್ಟಳು.

“ಫೇಲಾದವ್ರದು ಯಾವದರ ಐತೇನ್ರಿ?”

ಅಂಗಡಿಯವನಿಗೆ ಸಿಟ್ಟು ಬಂತು. “ನಮ್ಮ ಅಂಗಡ್ಯಾಗಿನ ಪುಸ್ತಕ ಓದಿ ಫೇಲಾದವ್ರು ಒಬ್ರೂ ಇಲ್ರೀ ಅಕ್ಕಾರ.”

“ಹಂಗಾರ ಬ್ಯಾಡ್ರಿ.”

ನಾನು ಉಳ್ಳಾಗಡ್ಡಿಯ ಚೀಲ ಹೊತ್ತುಕೊಂಡು ಅವಳ ಹಿಂದೆ ಇಳಿದೆ. ದಾರಿಯಲ್ಲಿ ಅವಳು ವಿಷಯ ಬಿಡಿಸಿ ಹೇಳಿದಳು. ಎಂದೂ ಬೀಳದವಳಿಗೆ ತಗ್ಗು ಎಲ್ಲಿದೆ ಎಂದು ಗೊತ್ತಿರುವುದಿಲ್ಲವಂತೆ. ಬಿದ್ದು ಎದ್ದವಳ ಪುಸ್ತಕವಾದರೆ ತಗ್ಗು ಬಂದಲ್ಲೆಲ್ಲ ಗುರುತು ಮಾಡಿರುತ್ತಾಳಂತೆ. ಕೇಳಲು ಖರೆ ಅನಿಸುತ್ತದೆ. ಆದರೆ ಕುಂಟಿದ ಎತ್ತೇ ಬೇಕು, ಅದಕ್ಕೆ ದಾರಿಯ ಕಲ್ಲು ಗೊತ್ತಿರುತ್ತದೆ ಎಂದು ಯಾರಾದರೂ ಸಂತೆಯಲ್ಲಿ ಕೇಳುತ್ತಾರೆಯೇ?

ಕೇಳುತ್ತಾ ಹೋದರೆ ಫೇಲಾದವರೇನು ಸಿಗದೇ ಇರುತ್ತಾರೆಯೇ? ಅಥಣಿಯಲ್ಲಿ ಒಬ್ಬ ನರಸಬಾಯಿ ಇದ್ದಾಳೆ, ಮೇಲಿಂದ ಮೇಲೆ ಬಿದ್ದು ಕೊನೆಗೆ ಪಾಸಾದವಳು ಎಂದು ಸುದ್ದಿ ಬಂತು. ನಾದಿನಿಯ ಮುಖ ನೋಡಬೇಕಿತ್ತು, ದೊಡ್ಡ ಮನೆತನದ ಸಂಬಂಧ ಕುದುರಿದವರ ಹಾಗೆ! ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಅಥಣಿಯಲ್ಲಿ ಇಳಿದು, ಬಿಸಿಲಲ್ಲಿ ಮನೆ ಹುಡುಕಿದೆವು. ಆ ನರಸಬಾಯಿ ಒಳ್ಳೆಯವಳು. ಚಹಾ ಕೊಟ್ಟಳು, ಪುಸ್ತಕವನ್ನೂ ಕೊಟ್ಟಳು. ತೆರೆದು ನೋಡಿದರೆ ಬಾಯಲ್ಲಿ ಹಲ್ಲು ಉದುರಿದಂತೆ ನಡುನಡುವೆ ಹಾಳೆಗಳೇ ಇಲ್ಲ.

“ಯಾವ ಪಾಠದಾಗ ಬಿದ್ದನ್ಯೋ ಆ ಪಾಠ ಹರದು ಒಲಿಗೆ ಹಾಕೀನಿ ತಂಗಿ,” ಎಂದಳು ಆಕೆ ಶಾಂತವಾಗಿ. “ಸಿಟ್ಟ ಭಾಳ ಬಂದಿತ್ತು.”

ನಾನು ಚಹಾದ ಬಟ್ಟಲು ಕೆಳಗಿಟ್ಟು ಎದ್ದೆ. ನಾದಿನಿ ಏಳಲಿಲ್ಲ. ಇದಕ್ಕಿಂತ ಚಲೋ ಪುಸ್ತಕ ಇಡೀ ಜಿಲ್ಲೆಯಲ್ಲಿ ಸಿಗುವುದಿಲ್ಲ ಎಂದು ಎದೆಗೊತ್ತಿ ಹಿಡಿದಿದ್ದಳು. ಇದರಲ್ಲಿ ಯಾವುದು ಇಲ್ಲವೋ ಅದನ್ನೇ ಓದಬೇಕು ಎಂದು ಗೊತ್ತಾಯಿತಲ್ಲ ಎಂದಳು. ಸರಿ, ಇಲ್ಲದ್ದನ್ನು ಓದುವುದು ಎಲ್ಲಿ? ಅದಕ್ಕೆ ಮತ್ತೆ ನಿಪ್ಪಾಣಿಗೆ ಹೋಗಿ, ಆ ಫಸ್ಟ್ ಕ್ಲಾಸ್ ಹುಡುಗಿಯ ಪುಸ್ತಕವನ್ನೇ ಕೊಂಡೆವು. ಅಂಗಡಿಯವನು ಕಾಗದದಲ್ಲಿ ಸುತ್ತಿ ಕೊಡುತ್ತ ನನ್ನನ್ನೇ ಕೇಳಿದ: “ನಡುವ ಯಾರರ ಫೇಲಾದ್ರೇನ್ರಿ?”

ಓದು ಶುರುವಾಯಿತು. ಬಾಯಿಪಾಠ ಒಪ್ಪಿಸಲು ಒಬ್ಬರು ಎದುರಿಗೆ ಬೇಕು. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳು, ಎದ್ದು ಹೋಗಲಾರೆ. ಅವಳಿಗೆ ಅಷ್ಟೇ ಬೇಕಾಗಿತ್ತು. ಮೊದಲನೆಯ ದಿನ ವಿಷಮಜ್ವರದ ರೋಗಿಯ ಆರೈಕೆ. ಹಾಸಿಗೆಯಿಂದ ಶುರುವಾದ ಉತ್ತರ ಹೊದಿಕೆಗೆ ಬಂತು, ಕಿಟಕಿಗೆ ಹೋಯಿತು, ನೋಡಲು ಬಂದ ಬೀಗರ ಕಡೆ ತಿರುಗಿತು, ಬೀಗರು ತಂದ ಬಾಳೆಹಣ್ಣು, ಆ ಹಣ್ಣು ರೋಗಿಗೆ ಕೊಡಬೇಕೋ ಬಾರದೋ, ಬಾರದು ಎಂದರೆ ಬೀಗರಿಗೆ ಸಿಟ್ಟು ಬರದಂತೆ ಹೇಗೆ ಹೇಳಬೇಕು… ಬುಟ್ಟಿ ತುಂಬ ರೊಟ್ಟಿಯಾದರೂ ರೋಗಿಯ ಜ್ವರ ಇಳಿಯಲಿಲ್ಲ.

ಪರೀಕ್ಷೆಯಲ್ಲೂ ಹೀಗೇ ಬರೆದೆಯಾ ಎಂದು ಕೇಳಿದೆ.

“ಗೊತ್ತಿದ್ದದ್ದನ್ನ ಅರ್ಧಕ್ಕ ಹ್ಯಾಂಗ ಬಿಡೂದು ವೈನಿ? ಮೊದಲನೇ ಪ್ರಶ್ನಿ ಮುಗಿಯೂದ್ರಾಗ ಗಂಟಿ ಹೊಡದ್ರು.”

“ಉಳಿದ ಪ್ರಶ್ನಿ?”

“ಅವು ಏನಿದ್ದೂವೋ, ನೋಡಲಿಲ್ಲ.”

ನಿಪ್ಪಾಣಿಯ ಅಂಗಡಿ, ಅಥಣಿಯ ಬಿಸಿಲು, ಮತ್ತೆ ನಿಪ್ಪಾಣಿ, ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದು ಹೋಯಿತು. ಕೈಯಲ್ಲಿ ಬಿಸಿ ಹಂಚು ಇದ್ದಾಗ ಮಾತಾಡಬಾರದು. ಹಂಚು ಇಳಿಸಿದ ಮೇಲೆ ಹೇಳಿದೆ: “ನಾಳಿಂದ ಒಂದ ಪ್ರಶ್ನಿಗೆ ಒಂದ ರೊಟ್ಟಿ. ರೊಟ್ಟಿ ಹಂಚಿನಿಂದ ಇಳೀತಂದ್ರ, ನಿನ್ನ ರೋಗಿ ಬದಕಿದ್ನೋ ಸತ್ತನೋ ನಾ ಕೇಳಂಗಿಲ್ಲ.”

ಇದು ಉಪಾಯವೆಂದು ಹೇಳಿದ್ದಲ್ಲ, ನನಗೆ ಬೇಸರ ಬಂದಿತ್ತು ಅಷ್ಟೆ. ಅವಳು ಚೌಕಾಸಿಗೆ ಇಳಿದಳು. ದೊಡ್ಡ ಪ್ರಶ್ನೆಗೆ ಮೂರು ರೊಟ್ಟಿ ಬೇಕು ಎಂದಳು, ಕೊಟ್ಟೆ. ಆದರೂ ಮೊದಮೊದಲು ಉತ್ತರ ಮುಗಿಯದೆ, “ತಡೀರಿ ವೈನಿ, ತೆಗೀಬ್ಯಾಡ್ರಿ” ಎಂದು ಕೈ ಹಿಡಿಯುತ್ತಿದ್ದಳು. ರೊಟ್ಟಿ ಕರಿಕಾಗುತ್ತಿತ್ತು. ಯಜಮಾನರು ತಾಟಿನಲ್ಲಿದ್ದುದನ್ನು ತಿರುಗಿಸಿ ನೋಡಿ, ಇದು ಯಾವ ಜಡ್ಡಿನದು ಎಂದು ಕೇಳಿ, ಕಾಮಣಿ ಎಂದರೆ ಹಾಲಿನಲ್ಲಿ ಮುರಿದುಕೊಂಡು ತಿನ್ನುತ್ತಿದ್ದರು. ಬರಬರುತ್ತ ರೊಟ್ಟಿ ಬೆಳ್ಳಗಾದವು. ರೊಟ್ಟಿ ಉಬ್ಬುವ ಹೊತ್ತಿಗೆ ಅವಳ ರೋಗಿ ಗುಣವಾಗಿ ಮನೆಗೆ ಹೋಗಿರುತ್ತಿದ್ದ.

ಪರೀಕ್ಷೆಗೆ ಯಜಮಾನರೇ ಬೆಳಗಾವಿಗೆ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಅವಳೇ ಬಂದು ಹೇಳಿದಳು. ಒಂದೊಂದು ಉತ್ತರ ಮುಗಿದಾಗಲೂ ಎಡಗೈಯಿಂದ ಬೆಂಚಿಗೆ ಪಟಪಟ ಬಡಿದು ಮುಂದಿನದಕ್ಕೆ ಹೋಗುತ್ತಿದ್ದಳಂತೆ. ಸುಪರವೈಜರು ಬಂದು ಇದೇನು ಎಂದು ಕೇಳಿದರಂತೆ. “ರೊಟ್ಟಿ ಇಳಸಾಕತ್ತೀನ್ರಿ ಸರ್,” ಎಂದಳಂತೆ. ಅವರು ಮತ್ತೆ ಆ ಬೆಂಚಿನ ಕಡೆ ಬರಲಿಲ್ಲವಂತೆ. ಯಾಕೆ ಬರುತ್ತಾರೆ?

ಆಮೇಲಿನ ದಿನಗಳು ಬೇರೆ. ಅವಳು ಮಾತು ಕಡಿಮೆ ಮಾಡಿದಳು. ಶಿರಗುಪ್ಪಿಯವರು ಕಾರಖಾನೆಗೆ ಕಬ್ಬು ಹೋದ ಮೇಲೆ ಲಗ್ನದ ತಿಥಿ ನೋಡೋಣ ಎಂದು ಹೇಳಿ ಕಳಿಸಿದ್ದರು. ಕಬ್ಬಿನ ಗಾಡಿ ಮನೆಯ ಮುಂದೆ ಹಾಯ್ದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ನಾನು ಕಂಡೂ ಕಾಣದವಳ ಹಾಗೆ ಇದ್ದೆ. ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ.

ಪರೀಕ್ಷೆಯ ನಿಕಾಲು ಬಂದಾಗ ಪಾಸೋ ಫೇಲೋ ನೋಡಲು ಯಜಮಾನರು ಹೋದರು. ತಿರುಗಿ ಬಂದು ಕಾಲು ತೊಳೆದರು, ನೀರು ಕುಡಿದರು, ಎತ್ತಿಗೆ ಮೇವು ಹಾಕಿದರು. ನಾವಿಬ್ಬರೂ ಬಾಗಿಲಲ್ಲಿ ನಿಂತೇ ಇದ್ದೆವು. ಆಮೇಲೆ ನನ್ನನ್ನು ನೋಡಿ, “ಶಿರಗುಪ್ಪಿಯವ್ರಿಗಿ ಬ್ಯಾರೆ ಹುಡಗಿ ನೋಡ್ಕೋರಿ ಅಂತ ಹೇಳಿ ಕಳಸು,” ಎಂದರು. ನಮ್ಮ ಮನೆಯಲ್ಲಿ ಪಾಸಾದ ಸುದ್ದಿ ಹೇಳುವ ಪದ್ಧತಿ ಹೀಗೆ!

ರಾಯಬಾಗದ ಕಡೆ ಒಂದು ಸಣ್ಣ ದವಾಖಾನೆಯಲ್ಲಿ ನೌಕರಿ ಸಿಕ್ಕಿತು. ಮುಟ್ಟಿಸಿ ಬರಲು ಮತ್ತೆ ನಾನೇ. ಅವಳು ಬಿಳಿ ಸೀರೆ ಉಟ್ಟು, ಮಡಿಕೆ ಕೆಡದ ಹಾಗೆ ಬಸ್ಸಿನಲ್ಲಿ ಗೊಂಬೆಯಂತೆ ಕೂತಿದ್ದಳು. ಎದುರು ಸೀಟಿನಲ್ಲಿ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡ ಹೆಣ್ಣುಮಗಳೊಬ್ಬಳು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು: “ನೀವು ನರಸಬಾಯಾರೇನ್ರಿ?”

ನಾನು ಕಣ್ಣು ಮುಚ್ಚಿ ಸೀಟಿಗೆ ಒರಗಿದೆ. ಇನ್ನು ರಾಯಬಾಗದವರೆಗೆ ಕೋರ್ಸು, ಹಾಸ್ಟೆಲು, ಫೇಲಾದದ್ದು, ಅಥಣಿಯ ನರಸಬಾಯಿ, ಎಲ್ಲ ಬರುತ್ತದೆ ಎಂದು ಗಟ್ಟಿಯಾದೆ.

“ಹೌದ್ರಿ,” ಎಂದಳು ನಾದಿನಿ.

ಅಷ್ಟೇ. ಮುಂದೆ ಏನೂ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ಹಾಗೇ ವಾಲಿ ನನ್ನ ಹೆಗಲ ಮೇಲೆ ತಲೆಯಿಟ್ಟಳು.

ಹೆಗಲ ಮೇಲೆ ಯಾರಾದರೂ ತಲೆಯಿಡುವುದು ನನಗೆ ಆಗಿಬರುವುದಿಲ್ಲ. ಹೆತ್ತ ಮಕ್ಕಳಿಗೂ ಬಿಟ್ಟವಳಲ್ಲ. ರಾಯಬಾಗ ಬರುವವರೆಗೆ ನಾನು ಮೈ ಅಲುಗಿಸಲಿಲ್ಲ.