ನಮ್ಮೂರಿನಲ್ಲಿಲ್ಲದ ಉಯ್ಯಾಲೆಗಳ ಬಗ್ಗೆ ಕಬ್ಬಿಣದಂಗಡಿಯ ಮಾಲೀಕರಿಗೆ

ಶ್ರೀ ಕ್ರೇಗ್ ಬುಲ್ಟ್‌ಮನ್ ಅವರಿಗೆ,
ಮಾಲೀಕರು, ಬುಲ್ಟ್‌ಮನ್ ಕಬ್ಬಿಣದಂಗಡಿ,
ಎಲ್ಮ್ ಫೋರ್ಕ್, ಮಿನ್ನೆಸೋಟ.

ಮಾನ್ಯರೇ,

ಮೊದಲಿಗೆ ತಮ್ಮ ಕ್ಷೇಮವನ್ನೂ, ತಮ್ಮ ಅಂಗಡಿಯ ಹೊಸ ಗಾಜಿನ ಬಾಗಿಲಿನ ಕ್ಷೇಮವನ್ನೂ, ನಾಲ್ಕನೇ ಸಾಲಿನ ಕೊನೆಯಲ್ಲಿ ತಮ್ಮ ಹಳೆಯ ನೌಕರ ಓರಿನ್ ವಾಸ್ಕೆ ಅವರು ನಿಲ್ಲುತ್ತಿದ್ದ ಜಾಗದಲ್ಲಿ ತಾವು ತಂದು ನಿಲ್ಲಿಸಿರುವ ಮಾತಾಡುವ ಕಂಪ್ಯೂಟರ್ ಪರದೆಯ ಕ್ಷೇಮವನ್ನೂ ವಿನಯದಿಂದ ವಿಚಾರಿಸುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ಊರಿನ ವಾರಪತ್ರಿಕೆಗೆ ಕಳಿಸಿದ್ದೇನೆ. ಇನ್ನೊಂದನ್ನು ತಮ್ಮ ಅಂಗಡಿ ಬಾಗಿಲ ಬಳಿಯ ಸೂಚನಾ ಫಲಕದ ಮೇಲೆ, ಕಳೆದುಹೋದ ಬೆಕ್ಕಿನ ಚಿತ್ರಕ್ಕೂ ಚರ್ಚಿನ ಶುಕ್ರವಾರದ ಮೀನೂಟದ ಪ್ರಕಟಣೆಗೂ ನಡುವೆ, ತಮ್ಮಲ್ಲೇ ಕೊಂಡ ಮೊಳೆಯಿಂದ ಹೊಡೆದಿದ್ದೇನೆ. ಆದ್ದರಿಂದ ಇದನ್ನು ಮೇಜಿನ ಖಾನೆಯಲ್ಲಿಟ್ಟು ಮರೆಯುವ ಶ್ರಮ ತಮಗಿಲ್ಲ.

ನಮ್ಮ ಸೀಮೆಯವರ ಸ್ವಭಾವ ತಮಗೆ ಗೊತ್ತಿರುವಂಥದ್ದೇ. ಮನೆಗೆ ಬೆಂಕಿ ಬಿದ್ದರೂ ಪಕ್ಕದ ಮನೆಯವರನ್ನು ಕರೆಯುವ ಮುಂಚೆ ಹವಾಮಾನದ ಬಗ್ಗೆ ಎರಡು ಮಾತಾಡುವವರು ನಾವು. ಹೀಗಿರುವಾಗ, ಮದುವೆಯಾಗಿ ಮೂವತ್ತನಾಲ್ಕು ವರ್ಷವಾದ ಗಂಡಹೆಂಡತಿ, ಇಬ್ಬರೂ ಮನಸಾರೆ ಒಪ್ಪಿ, ಒಬ್ಬರು ಕಟ್ಟಿ ಒಬ್ಬರು ಕಟ್ಟಿಸಿಕೊಂಡು, ಒಬ್ಬರು ನಾಲ್ಕು ಬಾರಿಸಿ ಇನ್ನೊಬ್ಬರು ಎಂಟು ಬೇಡುವ ಆಟದಲ್ಲಿ ಸುಖ ಕಾಣುತ್ತಾರೆ ಎಂಬುದನ್ನು ಹೇಳಲು ಎಷ್ಟು ಚಳಿಗಾಲಗಳು ಬೇಕೆಂದು ತಾವೇ ಊಹಿಸಿ. ಪೇಟೆಯವರು ಇದಕ್ಕೆ ಬಿಡಿಎಸ್‌ಎಂ ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ಇದಕ್ಕೆ ‘ಮಹಡಿ ಕೆಲಸ’ ಎನ್ನುತ್ತೇವೆ. ಪತ್ರದಲ್ಲಿ ಗಂಡನನ್ನು ‘ನಮ್ಮ ಯಜಮಾನರು’ ಎಂದು ಬರೆಯುವುದು ಮರ್ಯಾದೆ, ಹಾಗೇ ಬರೆಯುತ್ತೇನೆ, ಆದರೆ ಮಹಡಿಯ ಮಟ್ಟಿಗೆ ಆ ಪದವಿ ನನ್ನದೆಂದು ದಾಖಲಿಸುವುದಕ್ಕೆ ಅವರೇ ಅಪ್ಪಣೆ ಕೊಟ್ಟಿದ್ದಾರೆ, ಅದೂ ನಾನು ಅಪ್ಪಣೆ ಕೊಟ್ಟ ಮೇಲೆ.

ಈ ಆಟದ ಸಾಮಾನುಗಳನ್ನು ಮಾರುವ ಕಂಪನಿಗಳೇನೋ ಇವೆ. ಎರಡು ಹಲಗೆಯನ್ನು ಅಡ್ಡಡ್ಡ ಜೋಡಿಸಿ ಕಪ್ಪು ಬಣ್ಣ ಬಳಿದು ಅವರು ಕೇಳುವ ಬೆಲೆಗೆ ನಮ್ಮಲ್ಲಿ ಒಂದು ಒಳ್ಳೆಯ ಹಸು ಬರುತ್ತದೆ, ಹಸು ಹಾಲನ್ನಾದರೂ ಕೊಡುತ್ತದೆ. ಹಾಗಾಗಿ ಉಳಿದ ಬಡಬಗ್ಗರಂತೆ ನಾವೂ ತಮ್ಮ ಅಂಗಡಿಗೇ ಬಂದೆವು. ಬಾಗಿಲಲ್ಲೇ ಯಾರೋ ಒಬ್ಬರು ತಮ್ಮ ಅಂಗಡಿಯ ಪದ್ಧತಿಯಂತೆ “ಏನ್ ಕಟ್ತಿದೀರಿ?” ಎಂದು ನಗುತ್ತಾ ಕೇಳಿದರು. ನಾನು “ಜಗಲಿಗೆ ಉಯ್ಯಾಲೆ” ಎಂದೆ. ಸುಳ್ಳು ಹೇಳಿದ ಗಾಬರಿಯಲ್ಲಿ ಅವರು ತೋರಿಸಿದ ಉಯ್ಯಾಲೆ ಕೊಕ್ಕೆಯನ್ನೇ, ಅಂದರೆ ತಂತಿಯನ್ನು ಬಾಗಿಸಿ ಬಾಯಿ ಮುಚ್ಚದೆ ಬಿಟ್ಟ ಆ ಅಗ್ಗದ ಕೊಕ್ಕೆಯನ್ನೇ ಕೊಂಡು ಮನೆಗೆ ಹೋಗಿ, ಮೇಲಿನ ತೊಲೆ ಎಲ್ಲಿದೆ ಎಂದು ತಟ್ಟಿ ನೋಡದೆ ಜಿಪ್ಸಮ್ ಚಾವಣಿಗೇ ತಿರುಗಿಸಿಬಿಟ್ಟೆ. ಮರ್ಯಾದೆ ಹೆಚ್ಚಾಗಿ ಮೂಳೆಗೆ ಪೆಟ್ಟು ಮಾಡಿಕೊಳ್ಳುವುದು ನಮ್ಮೂರಿನವರಿಗೆ ಮಾತ್ರ ಸಾಧ್ಯ. ಯಜಮಾನರು ಚಾವಣಿಯ ಒಂದು ತುಂಡಿನ ಸಮೇತ ಕೆಳಗೆ ಬಂದರು. ಆಸ್ಪತ್ರೆಯಲ್ಲಿ “ಹಿಮದ ಮೇಲೆ ಜಾರಿ ಬಿದ್ದೆ” ಎಂದರು. ಅದು ಜುಲೈ ತಿಂಗಳು. ಆದರೂ ಯಾರೊಬ್ಬರೂ ಮರುಪ್ರಶ್ನೆ ಹಾಕದೆ, ಚರ್ಚಿನ ಹೆಂಗಸರು ಆಲೂಗಡ್ಡೆ, ಕೊಚ್ಚಿದ ಮಾಂಸ ಹಾಕಿದ ಹಾಟ್‌ಡಿಶ್ ತಟ್ಟೆಗಳನ್ನು ಒಂದರ ಮೇಲೊಂದು ಕಳಿಸಿದರು.

ಯಜಮಾನರ ಬೆನ್ನು ನೆಟ್ಟಗಾದ ಮೇಲೆ ನಾನು ಒಬ್ಬಳೇ ಮತ್ತೆ ಬಂದು ನಾಲ್ಕನೇ ಸಾಲಿನ ಕೊನೆಯಲ್ಲಿದ್ದ ಓರಿನ್ ಅವರ ಮುಂದೆ ಅದೇ ಉಯ್ಯಾಲೆಯ ಕಥೆ ಹೇಳತೊಡಗಿದೆ. ಅವರು ಕನ್ನಡಕ ಒರೆಸಿಕೊಂಡು, ಸುತ್ತ ಯಾರಿಲ್ಲವೆಂದು ನೋಡಿ, ಹೀಗೆಂದರು: “ನೋಡೀಮ್ಮ, ಆರು ತಿಂಗಳು ಹಿಮ ಬೀಳೋ ಊರಲ್ಲಿ ನಾನು ಈ ವರ್ಷ ಹನ್ನೊಂದು ಉಯ್ಯಾಲೆಗೆ ಸಾಮಾನು ಕೊಟ್ಟಿದೀನಿ. ದಿನಾ ಸಂಜೆ ನಾಯಿ ಕರ್ಕೊಂಡು ಊರೆಲ್ಲ ಸುತ್ತುತೀನಿ. ಒಂದು ಜಗಲೀಲೂ ಉಯ್ಯಾಲೆ ಕಾಣ್ಲಿಲ್ಲ. ಏನು ಅಂತ ನಂಗೆ ಹೇಳ್ಬೇಡಿ. ತೂಕ ಎಷ್ಟು, ಒದ್ದಾಡುತ್ತೋ ಸುಮ್ನಿರುತ್ತೋ, ಎರಡೇ ಹೇಳಿ ಸಾಕು.”

“ನೂರಾ ತೊಂಬತ್ತು ಪೌಂಡು. ಒದ್ದಾಡುತ್ತೆ,” ಎಂದೆ. ಜೀವಮಾನದಲ್ಲಿ ಅಷ್ಟು ನಿಜವನ್ನು ನಾನು ಪಾದ್ರಿಯವರ ಮುಂದೆಯೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಓರಿನ್ ಅವರು ನನಗೆ ಕಲಿಸಿದ್ದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಲಾರದು. ಬೋಲ್ಟಿನ ತಲೆಯ ಬಳೆ ಬೆಸುಗೆ ಹಾಕಿ ಮುಚ್ಚಿರಬೇಕು, ಅದು ತೊಲೆಯೊಳಗೇ ಇಳಿಯಬೇಕು, ಮನುಷ್ಯರ ತೂಕ ಹಾಕುವ ಮುಂಚೆ ಮರಳಿನ ಮೂಟೆ ನೇತುಹಾಕಿ ಒಂದು ದಿನ ಬಿಡಬೇಕು, ಸರಪಳಿ ಮೈಗೆ ತಾಗುವ ಕಡೆ ಸೈಕಲ್ ಟ್ಯೂಬನ್ನು ಸೀಳಿ ಹೊದಿಸಬೇಕು, ಮರ ಕೊಯ್ಯುವವರು ಹಲಗೆ ಇಟ್ಟುಕೊಳ್ಳುವ ನಾಲ್ಕು ಕಾಲಿನ ಮರದ ಕುದುರೆಗೆ ಕಾರ್ಪೆಟ್ಟಿನ ಕೆಳಗೆ ಹಾಸುವ ಸ್ಪಂಜು ಸುತ್ತಿದರೆ ಕಂಪನಿಯ ಬೆಂಚಿಗಿಂತ ಮೆತ್ತಗಿರುತ್ತದೆ, ಹಗ್ಗವನ್ನು ತಟ್ಟನೆ ಕತ್ತರಿಸಲು ಬ್ಯಾಂಡೇಜ್ ಕತ್ತರಿಸುವ ಮೊಂಡು ಮೂತಿಯ ಕತ್ತರಿ ಕೈಗೆಟುಕುವ ಹಾಗೆ ಗೋಡೆಯಲ್ಲಿ ತೂಗುಹಾಕಿರಬೇಕು. ಇದಿಷ್ಟನ್ನೂ ಅವರು ಉಯ್ಯಾಲೆಯ ಹೆಸರಿನಲ್ಲೇ, ಒಂದು ಸಲವೂ ತುಟಿಯಂಚಿನಲ್ಲೂ ನಗದೆ ಹೇಳಿದರು. ನಮ್ಮ ಮನೆಯ ಪೂರ್ತಿ ಸಲಕರಣೆ ಸೇರಿ ಅರವತ್ತು ಡಾಲರ್ ದಾಟಲಿಲ್ಲ, ಯಜಮಾನರು ಆಮೇಲೆ ಒಮ್ಮೆಯೂ ಬೀಳಲಿಲ್ಲ.

ಈಗ ತಮ್ಮ ಆಡಳಿತದ ಜಾಣತನಕ್ಕೆ ಬರುತ್ತೇನೆ. ಕಳೆದ ಮಾರ್ಚಿನಲ್ಲಿ ಒಬ್ಬ ಗಿರಾಕಿ ತಂತಿಗಳನ್ನು ಬಿಗಿಯುವ ಪ್ಲಾಸ್ಟಿಕ್ಕಿನ ಕೇಬಲ್ ಟೈ ಕಟ್ಟೊಂದನ್ನು ಕೈಗೆತ್ತಿಕೊಂಡಾಗ ಓರಿನ್ ಅವರು ಅದನ್ನು ಕೈಯಿಂದ ಕಿತ್ತುಕೊಂಡು, “ಇದನ್ನ ನಾನು ಕೊಡಲ್ಲ. ಮಣಿಕಟ್ಟಿಗೆ ಹಾಕಿದ್ರೆ ಬಿಗೀತಾನೇ ಹೋಗುತ್ತೆ, ಬಿಚ್ಚಕ್ಕಾಗಲ್ಲ, ನರ ಸತ್ತೋಗುತ್ತೆ,” ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದು ಬಣ್ಣದ ಡಬ್ಬಿಗಳ ಆಚೆ ನಿಂತಿದ್ದ ಸಭ್ಯರೊಬ್ಬರ ಕಿವಿಗೆ ಬಿತ್ತು. ದೂರು ಬಂತು. ತಾವು ಓರಿನ್ ಅವರನ್ನು ಒಳಗೆ ಕರೆದು, ಆ ಗಿರಾಕಿಯ ಹೆಸರು ಹೇಳಿದರೆ ಕೆಲಸ ಉಳಿಯುತ್ತದೆ ಎಂದಿರಿ. ಅವರು “ಉಯ್ಯಾಲೆ ಕಟ್ಟೋರು ಸಾರ್, ಹೆಸರು ಕೇಳ್ಲಿಲ್ಲ,” ಎಂದರು. ಇಪ್ಪತ್ತಾರು ವರ್ಷ ದುಡಿದವರನ್ನು ತಾವು ಅದೇ ವಾರ ಮನೆಗೆ ಕಳಿಸಿದಿರಿ, ಆದರೆ ಬರಿಗೈಯಲ್ಲಿ ಅಲ್ಲ. ಮೇಲೆ ‘ಧನ್ಯವಾದಗಳು’ ಎಂದು ನೀಲಿ ಕೆನೆಯಲ್ಲಿ ಬರೆಸಿದ ಚೌಕಾಕಾರದ ಕೇಕು ತರಿಸಿ, ಎಲ್ಲರಿಗೂ ಒಂದೊಂದು ತುಂಡು ಹಂಚಿ, ಉಳಿದದ್ದನ್ನು ಕಟ್ಟಿಕೊಟ್ಟು ಕಳಿಸಿದಿರಿ. ಹೊಡೆಯುವ ಮುಂಚೆ ಇಷ್ಟು ಸಿಹಿ ತಿನ್ನಿಸುವವರನ್ನು ನಮ್ಮ ವಲಯದಲ್ಲೂ ನಾನು ಕಂಡಿಲ್ಲ, ತಮ್ಮ ಪ್ರತಿಭೆಗೆ ತಲೆಬಾಗುತ್ತೇನೆ.

ಆ ಗಿರಾಕಿ ನಾನೇ. ಕೇಕಿನ ಒಂದು ತುಂಡನ್ನು ನಾನೂ ತಿಂದೆ. ಅವರ ಪಕ್ಕದಲ್ಲೇ ನಿಂತು, “ಈ ಸಲ ವಸಂತ ತಡ ಅಲ್ವಾ?” ಎಂದು ಮಾತಾಡಿ ಬಂದೆ. ಹೆಸರು ಹೊರಬಿದ್ದರೆ ನನ್ನ ಕೆಲಸ ಹೋಗುತ್ತದೆ, ಅದು ನನಗೆ ಪ್ರಾಣ, ಆದ್ದರಿಂದ ಸುಮ್ಮನಿದ್ದೆ. ನನಗೆ ಈಗ ನಾಚಿಕೆಯಾಗಿದೆ, ಮಾನ್ಯರೇ. ಹಗ್ಗಕ್ಕಾಗಿ ಅಲ್ಲ, ಸರಪಳಿಗಾಗಿ ಅಲ್ಲ, ಆ ಕೇಕಿಗಾಗಿ. ಹೋದ ವಾರ ಅಂಚೆ ಕಚೇರಿಯಲ್ಲಿ ಸಿಕ್ಕ ಓರಿನ್ ಅವರನ್ನು ಹೇಗಿದ್ದೀರಿ ಎಂದು ಕೇಳಿದರೆ, “ಮನೇಲಿರೋ ತಿರುಪೆಲ್ಲಾ ಬಿಗಿ ಮಾಡ್ದೆ. ಇನ್ನು ಬಿಗಿ ಮಾಡಕ್ಕೆ ಏನೂ ಉಳಿದಿಲ್ಲ,” ಎಂದು ನಕ್ಕರು. ಅವತ್ತು ಕಾರಿನಲ್ಲಿ ಕೂತು ಬಹಳ ಹೊತ್ತು ಅತ್ತೆ.

ತಮ್ಮ ಹೊಸ ಪರದೆಯನ್ನೂ ಮಾತಾಡಿಸಿದ್ದೇನೆ, ಅದರ ಸೌಜನ್ಯ ಅಪಾರ. ‘ತಮ್ಮ ಯೋಜನೆಯನ್ನು ಆರಿಸಿ’ ಎಂದು ಕೋಳಿಗೂಡು, ಹೂಕುಂಡ, ಉಯ್ಯಾಲೆ ತೋರಿಸಿತು. ನಾನು ‘ಇತರೆ’ ಎಂದು ಒತ್ತಿ, ಮನುಷ್ಯನ ತೂಕ ತಡೆಯುವಂಥದ್ದು ಬೇಕು ಎಂದು ಬರೆದೆ. ಅದು ಬಹಳ ಸಂತೋಷಪಟ್ಟು ಆ ಬಾಯಿ ತೆರೆದ ಕೊಕ್ಕೆಯನ್ನೇ ತೋರಿಸಿ, ಜೊತೆಗೆ ಕೇಬಲ್ ಟೈ ಕೊಂಡರೆ ರಿಯಾಯಿತಿ ಎಂದಿತು. ಆದ್ದರಿಂದ ನನ್ನ ಬೇಡಿಕೆಗಳು ಇಷ್ಟು. ಪರದೆಗೆ ಗಿರಾಕಿಯ ಮುಖ ನೋಡಿ ಅವರು ಸುಳ್ಳು ಹೇಳುತ್ತಿದ್ದಾರೆಂದು ತಿಳಿದುಕೊಳ್ಳುವುದನ್ನೂ, ತಿಳಿದ ಮೇಲೆ ಸುತ್ತಮುತ್ತ ಯಾರಿದ್ದಾರೆಂದು ನೋಡಿ ದನಿ ತಗ್ಗಿಸುವುದನ್ನೂ ಕಲಿಸಿರಿ. ಸಂಜೆ ಹೊತ್ತು ಅದು ನಾಯಿ ಕರೆದುಕೊಂಡು ಊರು ಸುತ್ತಿ ಬರಲಿ. ಯಾವುದನ್ನು ಮಾರಬಾರದೋ ಅದನ್ನು ನಮ್ಮ ಕೈಯಿಂದ ಕಿತ್ತುಕೊಳ್ಳಲು ಅದಕ್ಕೆ ಎರಡು ಕೈ ಜೋಡಿಸಿರಿ. ಇದು ಕಷ್ಟವಾದರೆ ಸುಲಭದ ದಾರಿ ಒಂದಿದೆ. ಓರಿನ್ ಅವರ ಮನೆಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು, ಕ್ಷಮೆ ಕೇಳಿ, ಅಂಗಡಿಯವರು ತೊಡುವ ಕೆಂಪು ಅಂಗಿಯನ್ನು ಅವರಿಗೆ ವಾಪಸು ಕೊಡಿ. ತಮಗೆ ಬೇಕಾಗಿದ್ದ ಹೆಸರು ಕೆಳಗಿದೆ, ಇನ್ನು ಅವರನ್ನು ಹೊರಗಿಡಲು ತಮಗೆ ಕಾರಣವಿಲ್ಲ.

ಇನ್ನೂ ತಮ್ಮ ವಿಶ್ವಾಸಿಯಾಗಿ ಉಳಿಯಲು ಹೆಣಗುತ್ತಿರುವ,

ಮಾರ್ಲಿಸ್ ಟಾಫ್ಟ್‌ಲಂಡ್,
ಹತ್ತೊಂಬತ್ತು ವರ್ಷಗಳಿಂದ ತಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿರುವವಳು
(ಈ ಭಾನುವಾರವೂ ನುಡಿಸುತ್ತೇನೆ, ಬೇಡವೆನ್ನುವವರು ಎದ್ದು ನಿಂತು ಹೇಳಬಹುದು)

ಮರೆತ ಮಾತು: ಓರಿನ್ ಅವರು ಮರಳುವವರೆಗೂ ನಾವು, ಉಳಿದ ಹನ್ನೊಂದು ಉಯ್ಯಾಲೆಯವರೂ ಸೇರಿ, ನಲವತ್ತು ಮೈಲಿ ಆಚೆಯ ಅಂಗಡಿಗೆ ಹೋಗಿಬರುವುದೆಂದು ತೀರ್ಮಾನಿಸಿದ್ದೇವೆ. ನಮಗೆ ತೊಂದರೆಯಾಗುವುದೆಂದು ತಾವು ಮರುಗಬೇಕಾಗಿಲ್ಲ, ನೋವು ನಮಗೆ ಹೊಸದಲ್ಲ. ಆದರೆ ನಮ್ಮಲ್ಲಿ ನೋವು ಕೊಡುವವರು ಮೊದಲು ಒಪ್ಪಿಗೆ ಕೇಳುತ್ತಾರೆ, ಸಾಕು ಎಂದ ಕೂಡಲೇ ನಿಲ್ಲಿಸುತ್ತಾರೆ, ಆಮೇಲೆ ಪಕ್ಕದಲ್ಲಿ ಕೂತು ನೀರು ಕುಡಿಸುತ್ತಾರೆ. ತಾವು ಕೇಕು ಮಾತ್ರ ಕೊಟ್ಟಿರಿ.